ಎರಡು ಸೆಂಟಿನ ಹಾಡುಗಳು

ಬ್ಯಾಂಕಿನಲ್ಲಿ ಮೂವತ್ತು ವರ್ಷ ಡೆಬಿಟ್-ಕ್ರೆಡಿಟ್ ನೋಡಿದವನಿಗೆ ಹಾಡು ಕೇಳುವಾಗಲೂ ಒಂದು ಕೆಟ್ಟ ಚಟ. ಇದರ ದುಡ್ಡು ಯಾರ ಖಾತೆಗೆ ಹೋಯಿತು ಅಂತ ಮನಸ್ಸು ಕೇಳುತ್ತಲೇ ಇರುತ್ತದೆ!

ನಾನು ಮುಂಬಯಿಗೆ ಬಂದ ತೊಂಬತ್ತರ ದಶಕದಲ್ಲಿ ಧೋಬಿ ತಲಾವ್‌ನ ರಂಗಭವನದಲ್ಲಿ ಇಂಡಿಪೆಂಡೆನ್ಸ್ ರಾಕ್ ಅಂತ ಬಯಲಿನಲ್ಲಿ ಸಂಗೀತ ನಡೆಯುತ್ತಿತ್ತು. ಉದ್ದ ಕೂದಲಿನ ಹುಡುಗರು ಅರವತ್ತು-ಎಪ್ಪತ್ತರ ದಶಕದ ರಾಕ್ ಹಾಡುಗಳನ್ನು ಶಕ್ತ್ಯಾನುಸಾರ ಬಾರಿಸುತ್ತಿದ್ದರು. ಅವುಗಳ ಮೂಲವನ್ನು ನಾನು ಕೇಳಿದ್ದು ಆಮೇಲೆ, ಕ್ಯಾಸೆಟ್ ಕೊಂಡು. ಹಾಗಾಗಿ 'ಕವರ್' ಎಂದರೆ ಮೂಗು ಮುರಿಯುವವರ ಗುಂಪಿಗೆ ಸೇರಲು ನನ್ನಿಂದ ಆಗಲೇ ಇಲ್ಲ.

ಒಬ್ಬರು ಹಾಡಿ ಮುದ್ರಿಸಿದ್ದನ್ನು ಇನ್ನೊಬ್ಬರು ಹಾಡಿ ಮುದ್ರಿಸಿದರೆ ಅದು ಕವರ್. ನಮ್ಮಲ್ಲಿ ತ್ಯಾಗರಾಜರ ಕೃತಿ ಹಾಡಿದವರನ್ನು ಯಾರೂ ಹಾಗೆ ಕರೆಯುವುದಿಲ್ಲ ಬಿಡಿ. ಭಾವಗೀತೆಯಲ್ಲಿ ಮಾತು ಉಳಿದು ಧಾಟಿಯೇ ಬದಲಾಗುವುದುಂಟು. ರಾಕ್‌ನಲ್ಲಿ ಸಾಮಾನ್ಯವಾಗಿ ಮಾತೂ ಧಾಟಿಯೂ ಉಳಿಯುತ್ತವೆ, ಮಿಕ್ಕಿದ್ದೆಲ್ಲ ಬದಲಾಗುತ್ತದೆ.

ಅಮೆರಿಕದಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟದ್ದು ಪಿಯಾನೋ! ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಪಿಯಾನೋಗಳು ಅಲ್ಲಿ ಆಗ ಬಹಳ ಚಾಲ್ತಿಯಲ್ಲಿದ್ದವು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆ ಸುರುಳಿ ಹಾಡಿನ ಪ್ರತಿಯೇ ಅಲ್ಲ, ಹಾಡು ಕಟ್ಟಿದವರಿಗೆ ಅದರಿಂದ ಏನೂ ಸಲ್ಲಬೇಕಿಲ್ಲ ಎಂದಿತು. ಮರುವರ್ಷ, 1909ರಲ್ಲಿ, ಸಂಸತ್ತು ಹೊಸ ಕಾನೂನು ತಂದಿತು. ಸುರುಳಿಗೂ ರೆಕಾರ್ಡಿಗೂ ಹಾಡಿನ ಹಕ್ಕುದಾರರಿಗೆ ಹಣ ಕೊಡಬೇಕು. ಆದರೆ ಒಂದೇ ಕಂಪೆನಿ ಹಾಡುಗಳನ್ನೆಲ್ಲ ಬಾಚಿಕೊಂಡು ಕೂತೀತೆಂಬ ಭಯವೂ ಇತ್ತು. ಅದಕ್ಕಾಗಿ ಇನ್ನೊಂದು ಕೊಂಡಿ ಹಾಕಿದರು: ಒಮ್ಮೆ ಯಾರಿಗಾದರೂ ಅನುಮತಿ ಕೊಟ್ಟ ಮೇಲೆ, ಬೇರೆಯವರು ಮುದ್ರಿಸುತ್ತೇವೆ ಅಂದರೆ ಬೇಡ ಅನ್ನುವಂತಿಲ್ಲ. ಪ್ರತಿಗೆ ಎರಡು ಸೆಂಟ್ ಕೊಟ್ಟರೆ ಮುಗಿಯಿತು.

ಆ ಎರಡು ಸೆಂಟ್ 1978ರವರೆಗೂ ಬದಲಾಗಲಿಲ್ಲ. ಅರವತ್ತೊಂಬತ್ತು ವರ್ಷ ಒಂದೇ ದರ! (ನಮ್ಮ ಬಡ್ಡಿದರಗಳು ಹೀಗಿದ್ದಿದ್ದರೆ ಸರ್ಕ್ಯುಲರ್ ಓದುವ ಕೆಲಸವೇ ಇರುತ್ತಿರಲಿಲ್ಲ.) ಎಲ್ವಿಸ್‌ನಿಂದ ಹೆಂಡ್ರಿಕ್ಸ್‌ವರೆಗೆ, ಅಮೆರಿಕದಲ್ಲಿ ಕ್ಲಾಸಿಕ್ ರಾಕ್ ಬೆಳೆದದ್ದೆಲ್ಲ ಈ ದರದ ಕೆಳಗೇ.

ಬಾಬ್ ಡಿಲನ್ 'ಆಲ್ ಅಲಾಂಗ್ ದಿ ವಾಚ್‌ಟವರ್' ಹಾಡನ್ನು 1967ರ ನವೆಂಬರಿನಲ್ಲಿ ಮುದ್ರಿಸಿದ. ಗಿಟಾರು, ಮೌತ್ ಆರ್ಗನ್, ಎರಡೂವರೆ ನಿಮಿಷ, ಒಣಗಿದ ದನಿ. ಎರಡೇ ತಿಂಗಳಲ್ಲಿ, 1968ರ ಜನವರಿಯಲ್ಲಿ, ಜಿಮಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ಅದನ್ನೇ ಕೈಗೆತ್ತಿಕೊಂಡ. ಡಿಲನ್ ಹೇಳುವ ಬಿರುಗಾಳಿ ಮಾತಿನಲ್ಲಿ ಮಾತ್ರ ಇದೆ. ಹೆಂಡ್ರಿಕ್ಸ್‌ನಲ್ಲಿ ಅದು ಗಿಟಾರಿನಿಂದ ನಿಜವಾಗಿಯೂ ಬೀಸುತ್ತದೆ. ಹೆಂಡ್ರಿಕ್ಸ್ 1970ರಲ್ಲಿ ಇಪ್ಪತ್ತೇಳನೇ ವಯಸ್ಸಿಗೇ ತೀರಿಕೊಂಡ. 1974ರಲ್ಲಿ ಪ್ರವಾಸಕ್ಕೆ ಹೊರಟ ಡಿಲನ್ ತನ್ನದೇ ಹಾಡನ್ನು ಹೆಂಡ್ರಿಕ್ಸ್ ದಾರಿಯಲ್ಲಿ ಹಾಡತೊಡಗಿದ. ಹಾಡು ಕಟ್ಟಿದವನೇ ಕವರ್‌ಗೆ ಕವರ್ ಹಾಡಿದ ಹಾಗೆ! ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಇವತ್ತಿಗೂ ಡಿಲನ್ ಒಬ್ಬನ ರಚನೆ.

ಜೋ ಕಾಕರ್‌ನದೂ ಇದೇ ಕಥೆ. ಶೆಫೀಲ್ಡ್‌ನಲ್ಲಿ ಗ್ಯಾಸ್ ಪೈಪು ಜೋಡಿಸುತ್ತಿದ್ದ ಹುಡುಗ. 1967ರಲ್ಲಿ ಬೀಟಲ್ಸ್‌ನ ರಿಂಗೋ ಕುಲುಕುತ್ತಾ ಹಾಡಿದ್ದ 'ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್' ಹಾಡನ್ನು ಮರುವರ್ಷ ನಿಧಾನಕ್ಕೆ ಇಳಿಸಿ, ಗಂಟಲು ಹರಿಯುವಂತೆ ಕೂಗಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆದ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ವೇದಿಕೆಯಲ್ಲಿ ಹಾಡಿದ್ದು ಇನ್ನೂ ಒಂದು ಕೈ ಮೇಲು. ಗಮನಿಸಿ, ಅಮೆರಿಕದ ಎಫ್‌ಎಂ ರೇಡಿಯೋ ಇದನ್ನು ಹಾಕಿದರೆ ಹಣ ಹೋಗುವುದು ಹಾಡು ಬರೆದ ಲೆನನ್-ಮೆಕಾರ್ಟ್ನಿ ಕಡೆಗೆ. ಹಾಡಿದವನಿಗೆ ರೇಡಿಯೋದಿಂದ ಬಿಡಿಗಾಸಿಲ್ಲ. ಅಲ್ಲಿ ಈಗಲೂ ನಿಯಮ ಹಾಗೇ ಇದೆ.

'ಹೌಸ್ ಆಫ್ ದಿ ರೈಸಿಂಗ್ ಸನ್' ಅಂತೂ ಯಾರು ಕಟ್ಟಿದರೆಂದೇ ಗೊತ್ತಿಲ್ಲದ ಜನಪದ ಹಾಡು. 1964ರಲ್ಲಿ ಐದು ಜನರ ಆ್ಯನಿಮಲ್ಸ್ ತಂಡ ಅದಕ್ಕೆ ಹೊಸ ಜೀವ ಕೊಟ್ಟಿತು. ರೆಕಾರ್ಡಿನ ಮೇಲೆ ಸಂಯೋಜಕನೆಂದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಒಬ್ಬನದೇ ಹೆಸರು ಬಿತ್ತು. ಐವರ ಹೆಸರಿಗೆ ಲೇಬಲ್ ಮೇಲೆ ಜಾಗ ಸಾಲಲಿಲ್ಲ ಅಂತ ಕಥೆ ಹೇಳುತ್ತಾರೆ. ಜಾಗವಿಲ್ಲದ್ದಕ್ಕೆ ನಾಲ್ವರ ಪಾಲು ಹೋಯಿತು! ಜಂಟಿ ಖಾತೆಗೆ ಒಬ್ಬನೇ ಸಹಿ ಹಾಕಿದಂತೆ.

ನನ್ನನ್ನು ಹೆಚ್ಚು ಕಾಡುವುದು ಬಿಗ್ ಮಾಮಾ ಥಾರ್ನ್‌ಟನ್. 1952ರಲ್ಲಿ ಲೀಬರ್ ಮತ್ತು ಸ್ಟಾಲರ್ ಎಂಬ ಇನ್ನೂ ಇಪ್ಪತ್ತು ತುಂಬದ ಹುಡುಗರು ಅವಳಿಗಾಗಿಯೇ 'ಹೌಂಡ್ ಡಾಗ್' ಬರೆದರು. ಮರುವರ್ಷ ಅದು ಏಳು ವಾರ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಯಲ್ಲಿತ್ತು. 1956ರಲ್ಲಿ ಎಲ್ವಿಸ್ ಅದನ್ನು ಹಾಡಿ ಲೋಕವನ್ನೇ ಕುಣಿಸಿದ. ಎರಡು ಸೆಂಟು ಹಾಡಿನ ಹಕ್ಕುದಾರರಿಗೆ. ಮೊದಲು ಗುಡುಗಿದ ದನಿ ಅವಳದು, ಆ ದನಿಗೆ ದರ ಇಲ್ಲ. ಸರಿ, ಅವಳು ಬರೆದವಳಲ್ಲ, ಕಾನೂನು ಹಾಗಿದೆ ಅನ್ನಬಹುದು. ಆದರೆ 'ಬಾಲ್ ಅಂಡ್ ಚೈನ್' ಅವಳೇ ಬರೆದ ಹಾಡು. ಜಾನಿಸ್ ಜಾಪ್ಲಿನ್ 1967ರಲ್ಲಿ ಮಾಂಟೆರೆ ಉತ್ಸವದಲ್ಲಿ ಅದನ್ನು ಹಾಡಿ ತಾರೆಯಾದಳು, 1968ರ 'ಚೀಪ್ ಥ್ರಿಲ್ಸ್' ಆಲ್ಬಮ್ಮಿಗೂ ಹಾಕಿದಳು. ಅಷ್ಟರಲ್ಲಿ ಹಾಡಿನ ಹಕ್ಕು ರೆಕಾರ್ಡ್ ಕಂಪೆನಿಯೊಂದರ ಕೈಯಲ್ಲಿತ್ತು. ಹಾಡಿದಾಗ ಬರೆದವಳಲ್ಲ, ಬರೆದಾಗ ಹಕ್ಕುದಾರಳಲ್ಲ.... ಎರಡೂ ಬದಿಯಲ್ಲಿ ಸೊನ್ನೆ. 1984ರಲ್ಲಿ, 57ರ ವಯಸ್ಸಿನಲ್ಲಿ, ಲಾಸ್ ಏಂಜಲಿಸ್‌ನ ಬಾಡಿಗೆ ಕೋಣೆಗಳ ಮನೆಯೊಂದರಲ್ಲಿ ತೀರಿಕೊಂಡಳು.

ನಮ್ಮ ದೇಶದಲ್ಲೂ 'ವರ್ಷನ್' ಕ್ಯಾಸೆಟ್ಟುಗಳ ಕಾಲವೊಂದಿತ್ತು. ರಫಿ, ಕಿಶೋರ್ ಹಾಡುಗಳನ್ನು ಬೇರೆಯವರಿಂದ ಹಾಡಿಸಿ ಅಗ್ಗಕ್ಕೆ ಮಾರಿದ್ದು ನಿಮಗೆ ನೆನಪಿರಬಹುದು. 2012ರ ತಿದ್ದುಪಡಿ ಬಂದ ಮೇಲೆ ಐದು ವರ್ಷ ಕಾಯಬೇಕು, ಕನಿಷ್ಠ 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಬೇಕು. ಧೋಬಿ ತಲಾವ್‌ನ ಹುಡುಗರ ಜೇಬಿಗೆ ಇದು ಹೊರೆಯೇ. ಅಮೆರಿಕದ ಆ ಎರಡು ಸೆಂಟು ಈಗ ಹನ್ನೆರಡು ದಾಟಿದೆ.

ಕೇಳುವ ಮನಸ್ಸಿದ್ದರೆ ಒಂದು ಸಲಹೆ. ರಜೆಯ ದಿನ ಹೆಡ್‌ಫೋನ್ ಹಾಕಿ ಮೊದಲು ಥಾರ್ನ್‌ಟನ್‌ಳ 'ಬಾಲ್ ಅಂಡ್ ಚೈನ್' ಕೇಳಿ, ಆಮೇಲೆ ಜಾಪ್ಲಿನ್‌ಳದು. ಜಾಪ್ಲಿನ್ ಕಿರುಚುವ ಜಾಗದಲ್ಲಿ ಥಾರ್ನ್‌ಟನ್ ಸುಮ್ಮನೆ ಎದೆಯ ಭಾರವನ್ನು ಕೆಳಗಿಡುತ್ತಾಳೆ. ನನಗೆ ಎರಡೂ ಬೇಕು.