ಕಲ್ಕತ್ತೆಯ ಹಂಸವಾಹನ

ಹಂಸವು ನಮ್ಮ ದೇಶದಲ್ಲಿ ವಾಹನಪದವಿಯನ್ನು ಪಡೆದುದು ನಿನ್ನೆ ಮೊನ್ನೆಯ ಮಾತಲ್ಲ. ಚತುರ್ಮುಖನಿಗೂ ವಾಗ್ದೇವಿಗೂ ಅದು ವಾಹನ. ನೀರು ಬೆರೆತ ಹಾಲಿನಲ್ಲಿ ಹಾಲನ್ನೇ ಬೇರ್ಪಡಿಸಿ ಗ್ರಹಿಸುವುದೆಂಬ ಪ್ರಸಿದ್ಧಿಯಿಂದ ವಿವೇಕಕ್ಕೆ ಅದೇ ಉಪಮಾನ. ಹಳೇಬೀಡಿನ ದೇಗುಲದ ಅಡಿಗಟ್ಟಿನಲ್ಲಿ ಆನೆ ಕುದುರೆಗಳ ಪಟ್ಟಿಕೆಗಳ ಜೊತೆಗೆ ಹಂಸಗಳ ಸಾಲೂ ನಡೆದಿರುವುದನ್ನು ವಾಚಕರು ಕಂಡಿರಬಹುದು. ಆದರೆ ಮರದ ಒಡಲೂ ಉಕ್ಕಿನ ಯಂತ್ರವೂ ಪೆಟ್ರೋಲಿನ ಆಹಾರವೂ ಉಳ್ಳ ಹಂಸವೊಂದು 1910ರಲ್ಲಿ ಕಲ್ಕತ್ತೆಯ ಬೀದಿಗೆ ಇಳಿದ ವೃತ್ತಾಂತವು ಬೇರೆಯೇ ಬಗೆಯದು. ಹಳೆಯ ಮೋಟಾರುಗಳಲ್ಲಿ ಆಸಕ್ತಿಯುಳ್ಳವರು ಈ ಗಾಡಿಯ ಹೆಸರೆತ್ತಿದೊಡನೆ ಕಿವಿ ನಿಮಿರಿಸುವರು.

ಆಗ ಕಲ್ಕತ್ತೆಯು ಬ್ರಿಟಿಷ್ ಭಾರತದ ರಾಜಧಾನಿ. ಅಲ್ಲಿ ರಾಬರ್ಟ್ ನಿಕಲ್ ಮ್ಯಾಥ್ಯೂಸನ್ ಎಂಬ ಧನಿಕನಾದ ಎಂಜಿನಿಯರನೊಬ್ಬನು ವಾಸವಾಗಿದ್ದನು. ನಗರದ ಸಿರಿವಂತರಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಹಟವು ಮೋಟಾರು ಗಾಡಿಗಳಿಗೂ ಹಬ್ಬಿದ್ದ ಕಾಲವದು. ಎಲ್ಲರಲ್ಲಿಯೂ ಇರುವಂಥ ಗಾಡಿಯು ತನಗೆ ತಕ್ಕುದಲ್ಲವೆಂದು ಬಗೆದ ಈತನು, ಇಂಗ್ಲೆಂಡಿನ ಪೂರ್ವತೀರದ ಲೋಸ್ಟಾಫ್ಟ್ ಎಂಬ ಬಂದರಿನಲ್ಲಿದ್ದ ಜೆ. ಡಬ್ಲ್ಯು. ಬ್ರೂಕ್ ಕಂಪನಿಗೆ ಹಂಸದ ಆಕಾರದ ಗಾಡಿಯೊಂದನ್ನು ಕಟ್ಟಿಕೊಡುವಂತೆ ಬರೆದನು. ಆ ಕಂಪನಿಯವರು ದೋಣಿಗಳ ಯಂತ್ರಗಳಲ್ಲಿಯೂ ನುರಿತವರು. ನೀರಹಕ್ಕಿಯೊಂದನ್ನು ನೆಲದ ಮೇಲೆ ನಡೆಯಿಸುವ ಕೆಲಸವು ಅವರ ಕೈಗೇ ಬಿದ್ದುದು ಸೋಜಿಗದ ಹೊಂದಿಕೆಯೇ ಸರಿ.

ಸುಮಾರು 3 ಟನ್ ತೂಕದ ಈ ಗಾಡಿಯ ಮುಂಭಾಗವೆಲ್ಲ ಹಂಸದ ಎದೆ, ಕೊರಳು, ತಲೆ. ಮೈಯೆಲ್ಲ ಗರಿಗರಿಯಾಗಿ ಕಡೆದ ಬೆಳ್ಳನೆಯ ಕೆಲಸ. ಅಲ್ಲಲ್ಲಿ ಚಿನ್ನದ ರೇಕಿನ ತಾವರೆಯ ಚಿತ್ರಗಳು. ಕಣ್ಣುಗಳಿದ್ದ ಕಡೆ ವಿದ್ಯುದ್ದೀಪಗಳಿದ್ದು ಇರುಳಿನಲ್ಲಿ ಅವು ಕೆಂಡದಂತೆ ಬೆಳಗುತ್ತಿದ್ದುವು. ಒಡೆಯನು ಹಿಂದೆ ರೇಷ್ಮೆಯ ಆಸನದಲ್ಲಿ ಕುಳಿತು, ಹಡಗಿನ ಕಪ್ತಾನನು ಯಂತ್ರದ ಕೋಣೆಗೆ ಸಂಜ್ಞೆ ಕಳುಹಿಸುವ ಉಪಕರಣದಿಂದಲೇ ಸಾರಥಿಗೆ ಆಜ್ಞೆಗಳನ್ನು ಕೊಡುತ್ತಿದ್ದನು. ಯಂತ್ರದಿಂದ ಹೊರಬೀಳುವ ಹೊಗೆಯ ಬಲದಿಂದ ಊದುವ ಎಂಟು ಸ್ವರಗಳ ಕೊಳವಿವಾದ್ಯವೊಂದಿದ್ದು, ಅದನ್ನು ಹಾರ್ಮೋನಿಯಮ್ಮಿನಂತೆ ಮನೆಗಳನ್ನೊತ್ತಿ ನುಡಿಸಬಹುದಾಗಿತ್ತು. ಚಕ್ರಗಳಿಗೆ ಮೆತ್ತುವ ಆನೆಯ ಲದ್ದಿಯನ್ನು ಒರೆಸಿ ಹಾಕಲು ಕುಂಚಗಳನ್ನು ಕಟ್ಟಿದ್ದರು. ಈ ಒಂದು ಅಂಶದಲ್ಲಾದರೂ ಕಟ್ಟಿದವರು ಕಲ್ಕತ್ತೆಯ ಬೀದಿಯನ್ನು ಚೆನ್ನಾಗಿ ತಿಳಿದಿದ್ದರೆನ್ನಬೇಕು.

ಇನ್ನೆರಡು ಏರ್ಪಾಡುಗಳೇ ಗಾಡಿಗೆ ಕೀರ್ತಿಯನ್ನೂ ಕೇಡನ್ನೂ ತಂದುವು. ಮೊದಲನೆಯದು ಹಂಸದ ಕೊಕ್ಕು. ಯಂತ್ರವನ್ನು ತಣ್ಣಗಿಡುವ ನೀರಿನ ಕೊಳವೆಗೆ ಅದನ್ನು ಜೋಡಿಸಿದ್ದುದರಿಂದ, ಸಾರಥಿಯು ಬೇಕೆಂದಾಗ ಕೊಕ್ಕು ತೆರೆದು ಮುಂದಿದ್ದವರ ಮೇಲೆ ಬಿಸಿಯ ಹಬೆಯನ್ನು ಚಿಮ್ಮುತ್ತಿತ್ತು. ಎರಡನೆಯದು ಹಿಂಬದಿಯ ಒಂದು ಕವಾಟ; ಅದರ ಮೂಲಕ ಸುಣ್ಣದ ನೀರನ್ನು ದಾರಿಯ ಮೇಲೆ ಚೆಲ್ಲಿ, ನಿಜವಾದ ಹಕ್ಕಿಯೇ ನಡೆದುಹೋಯಿತೆಂಬಂತೆ ಗುರುತು ಬಿಡುತ್ತಿದ್ದರು. ಈ ಎರಡನೆಯದು ಹುಡುಗಾಟಿಕೆ, ನಕ್ಕು ಬಿಡಬಹುದು. ಮೊದಲನೆಯದು ಹಾಗಲ್ಲ. ಕೊಂಬನ್ನೂದುವುದೆಂದರೆ ದಾರಿ ಬಿಡಿರೆಂದು ಕೇಳಿಕೊಳ್ಳುವುದು. ಹಬೆಯನ್ನು ಉಗುಳುವುದೆಂದರೆ ಕೇಳದೆಯೇ ದಾರಿಯನ್ನು ಕಸಿದುಕೊಳ್ಳುವುದು. ತಲೆಯ ಮೇಲೆ ಹೊರೆಯನ್ನು ಹೊತ್ತವನೂ ಎತ್ತಿನ ಗಾಡಿಯವನೂ ಬುಟ್ಟಿಯಿಟ್ಟು ಮಾರುವವಳೂ ಆ ಬೀದಿಗೆ ಹಕ್ಕುದಾರರೆಂಬ ಎಣಿಕೆಯು ಆ ಯಂತ್ರವನ್ನು ಹವಣಿಸಿದವನಲ್ಲಿ ಲೇಶವೂ ಇರಲಿಲ್ಲ. ಕ್ಷೀರನೀರಗಳನ್ನು ವಿಂಗಡಿಸುವ ಹಕ್ಕಿಯ ಕೊಕ್ಕಿಗೆ ಜನರನ್ನು ಚದರಿಸುವ ಕೆಲಸವನ್ನು ವಹಿಸಿದುದು ಎಂತಹ ವಿಪರ್ಯಾಸ!

ಗಾಡಿಯು ಬೀದಿಗೆ ಬಂದ ಮೊದಲ ಸಲವೇ ಗದ್ದಲವೆದ್ದಿತು. ಜನರು ದಿಗಿಲುಗೊಂಡು ಚೆಲ್ಲಾಪಿಲ್ಲಿಯಾದರು; ಪೋಲೀಸರು ನಡುವೆ ಬಂದು, ಅದು ಬೀದಿಯಲ್ಲಿ ಸಂಚರಿಸಕೂಡದೆಂದು ತಡೆದರು. ಆಂಗ್ಲರ ರಾಜ್ಯದಲ್ಲಿ, ಆಂಗ್ಲರ ರಾಜಧಾನಿಯಲ್ಲಿ, ಅವರ ಪೈಕಿಯವನೇ ಆದ ಧನಿಕನ ವಿನೋದಕ್ಕೆ ಹೀಗೆ ತಡೆ ಬಿದ್ದುದು ಗಮನಾರ್ಹವಾದ ಸಂಗತಿ. ಪೋಲೀಸರಿಗೆ ಹೊರೆಯವನ ಮೇಲಿನ ಕನಿಕರವೇ ಕಾರಣವಾಯಿತೆಂದು ಹೇಳಲಾಗದು. ಬೀದಿಯ ಶಾಂತಿ ಕೆಟ್ಟರೆ ಹೊಣೆ ತಮ್ಮದೆಂಬ ಅಂಜಿಕೆಯೇ ಸಾಕಾಗಿತ್ತು. ಏನಾದರಾಗಲಿ, ಬೀದಿಯು ಬೀದಿಯವರಿಗೆ ಉಳಿಯಿತು.

ಈ ಗಾಡಿಗೆ ತಗುಲಿದ ವೆಚ್ಚವನ್ನು 10,000ದಿಂದ 15,000 ಪೌಂಡುಗಳವರೆಗೆ ಹೇಳುವ ವಾಡಿಕೆಯುಂಟು. ಅದಕ್ಕೆ ಎರಡೇ ವರುಷ ಮೊದಲು, 1908ರಲ್ಲಿ, ಅಮೆರಿಕದಲ್ಲಿ ಹೆನ್ರಿ ಫೋರ್ಡನು ತನ್ನ ‘ಟಿ’ ಮಾದರಿಯ ಗಾಡಿಯನ್ನು ಸುಮಾರು 850 ಡಾಲರಿಗೆ, ಎಂದರೆ ಆಗಿನ 175 ಪೌಂಡಿನ ಆಸುಪಾಸಿಗೆ, ಮಾರತೊಡಗಿದ್ದನು. ಒಂದು ಹಂಸದ ಬೆಲೆಗೆ ಅಂತಹ ಗಾಡಿಗಳು ಐವತ್ತಕ್ಕೂ ಹೆಚ್ಚು ಬರುತ್ತಿದ್ದುವು. ಅಂದಚೆಂದವಿಲ್ಲದ ಆ ಫೋರ್ಡು 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಗಿ ಲೋಕವನ್ನೇ ಸುತ್ತಿತು. ಬ್ರೂಕ್ ಕಂಪನಿಯಾದರೋ 1913ರ ವೇಳೆಗೆ ಮೋಟಾರು ಗಾಡಿಗಳ ತಯಾರಿಕೆಯನ್ನೇ ಕೈಬಿಟ್ಟು ದೋಣಿಗಳ ಕಡೆಗೆ ತಿರುಗಿತು.

ಬೀದಿಯಲ್ಲಿ ಓಡಿಸಲಾಗದ ಹಂಸವು ತರುವಾಯ ಪಂಜಾಬಿನ ನಾಭಾ ಸಂಸ್ಥಾನದ ಅರಮನೆಗೆ ಮಾರಾಟವಾಯಿತು. ಹಂಸವೊಂದೇ ಇದ್ದರೆ ಸಾಲದೆಂದು ತೋರಿತೇನೋ, ಸುಮಾರು 1920ರಲ್ಲಿ ಅದಕ್ಕೊಂದು ಮರಿಯನ್ನೂ ಮಾಡಿಸಿದರು. ಅದು ವಿದ್ಯುಚ್ಛಕ್ತಿಯಿಂದ ನಡೆಯುವ ಪುಟ್ಟ ಗಾಡಿ. ಆಗ ನಾಭಾದ ಗದ್ದಿಗೆಯ ಮೇಲಿದ್ದವನು ಮಹಾರಾಜ ರಿಪುದಮನ್ ಸಿಂಗ್. ಆಂಗ್ಲ ಅಧಿಕಾರಿಗಳಿಗೆ ಅಪ್ರಿಯನಾದ ಆತನು 1923ರಲ್ಲಿ ಗದ್ದಿಗೆಯನ್ನು ಬಿಡಬೇಕಾಯಿತು. ಆತನಿಗಾಗಿ ಅಕಾಲಿ ಸಿಖ್ಖರು ಜೈತೋದಲ್ಲಿ ಸತ್ಯಾಗ್ರಹ ಹೂಡಿದರು. ಅದನ್ನು ನೋಡಹೋದ ಜವಾಹರಲಾಲ ನೆಹರೂ ಅವರಿಗೂ ನಾಭಾದ ಸೆರೆಮನೆಯ ವಾಸ ತಪ್ಪಲಿಲ್ಲ. 1928ರಲ್ಲಿ ಮಹಾರಾಜನನ್ನು ದಕ್ಷಿಣಕ್ಕೆ, ಕೊಡೈಕನಾಲಿಗೆ, ಗಡೀಪಾರು ಮಾಡಿದರು. ಆತನು 1942ರಲ್ಲಿ ಅಲ್ಲಿಯೇ ತೀರಿಕೊಂಡನು. ಒಡೆಯನು ಮನೆಗೆ ಮರಳಲಿಲ್ಲ. ಹಂಸಗಳು ಮಾತ್ರ ಅರಮನೆಯ ಲಾಯದಲ್ಲಿ ದಶಕಗಟ್ಟಲೆ ಉಳಿದುವು.

1991ರಲ್ಲಿ ಹಾಲೆಂಡಿನ ಸಂಗ್ರಾಹಕ ಎವರ್ಟ್ ಲೌಮನ್ ದೊಡ್ಡ ಹಂಸವನ್ನು ಕೊಂಡು, ಶಿಥಿಲವಾಗಿದ್ದ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಹೇಗ್ ನಗರದಲ್ಲಿ ಲೌಮನ್ ವಸ್ತುಸಂಗ್ರಹಾಲಯದ ಕಟ್ಟಡವು 2010ರಲ್ಲಿ ತೆರೆಯಿತು. ಅಲ್ಲಿ ಅದೂ ಅದರ ಮರಿಯೂ ಮತ್ತೆ ಜೊತೆಗೂಡಿವೆ. ಯಾರನ್ನು ಹೆದರಿಸಲೆಂದು ಆ ಕೊಕ್ಕನ್ನು ಕಟ್ಟಿದ್ದರೋ ಅಂತಹ ಸಾಮಾನ್ಯ ಜನರೇ ಈಗ ಮಕ್ಕಳ ಕೈಹಿಡಿದು ಅದರ ಮುಂದೆ ನಿಂತು, ಬಾಗಿ, ಒಳಗೆ ಹಬೆಯ ಕೊಳವೆಯೆಲ್ಲಿದೆಯೆಂದು ಹುಡುಕುತ್ತಾರೆ.