ಹೆಸರಿಗೊಂದು ದೀಪ

ಚರಿತ್ರೆ ಪಾಠ ಮಾಡುವಾಗ ಸತ್ತವರ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಸಂಖ್ಯೆಗೆ ಮುಖವಿಲ್ಲವಲ್ಲ! ನಮ್ಮ ಮನೆಗಳಲ್ಲಿ ಸಾವಾದರೆ ತಲೆದೆಸೆಯಲ್ಲಿ ಒಂದು ದೀಪ ಇಡುತ್ತೇವೆ. ಆದರೆ ಸರ್ಕಾರವೇ ಮರೆತುಬಿಡಿ ಎಂದು ಹೇಳಿದ ಸಾವಿಗೆ ದೀಪ ಇಡುವವರು ಯಾರು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಚೀನಾದ ಡಿಂಗ್ ಜಿಲಿನ್ ನೆನಪಾಗುತ್ತಾರೆ. ಅವರೂ ಒಬ್ಬ ಅಧ್ಯಾಪಕಿ. ಬೀಜಿಂಗಿನ ವಿಶ್ವವಿದ್ಯಾಲಯವೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. 1989ರ ವಸಂತದಲ್ಲಿ ವಿದ್ಯಾರ್ಥಿಗಳು ಪ್ರಜಾಪ್ರಭುತ್ವ ಬೇಕೆಂದು ತಿಯಾನನ್ಮೆನ್ ಚೌಕದಲ್ಲಿ ಸೇರಿದ್ದರು. ಜೂನ್ 3ರ ರಾತ್ರಿ ಸೈನ್ಯ ನಗರದೊಳಕ್ಕೆ ನುಗ್ಗಿತು. ಹದಿನೇಳು ವರ್ಷದ ಮಗನನ್ನು ಹೋಗಬೇಡವೆಂದು ತಾಯಿ ಅಂಗಲಾಚಿದರು. ಹುಡುಗ ಬಚ್ಚಲುಮನೆಯ ಕಿಟಕಿಯಿಂದ ಹಾರಿ ಹೋದ. ಗುಂಡು ತಗಲಿ ಸತ್ತ.

ಸತ್ತವರು ಸುಮಾರು ಮುನ್ನೂರು, ಅದರಲ್ಲಿ ಸೈನಿಕರೂ ಸೇರಿದ್ದಾರೆ ಎಂದು ಸರ್ಕಾರ ಹೇಳಿತು. ಅದಕ್ಕಿಂತ ಎಷ್ಟೋ ಹೆಚ್ಚು ಎಂದು ಇತರರು ಹೇಳಿದರು. ಹೆಸರುಗಳ ಪಟ್ಟಿ ಮಾತ್ರ ಸರ್ಕಾರದಿಂದ ಬರಲಿಲ್ಲ. ಆಗ ಈ ತಾಯಿ, ಹತ್ತೊಂಬತ್ತರ ಮಗನನ್ನು ಕಳೆದುಕೊಂಡ ಜಾಂಗ್ ಶಿಯಾನ್‌ಲಿಂಗ್ ಎಂಬ ಇನ್ನೊಬ್ಬ ತಾಯಿಯ ಜೊತೆಗೂಡಿ, ಸತ್ತವರ ಮನೆಗಳನ್ನು ಹುಡುಕಿ ಹೊರಟರು. ಪೊಲೀಸರ ಕಣ್ಗಾವಲಿನ ನಡುವೆಯೇ ಇನ್ನೂರಕ್ಕೂ ಹೆಚ್ಚು ಹೆಸರು ಕೂಡಿಸಿದರು. 'ತಿಯಾನನ್ಮೆನ್ ತಾಯಂದಿರು' ಎಂದು ಲೋಕ ಕರೆಯುವುದು ಇವರನ್ನೇ.

ಬೀಜಿಂಗಿನಲ್ಲಿ ಬಹಿರಂಗವಾಗಿ ಹಚ್ಚಲಾಗದ ದೀಪ ಹಾಂಗ್‌ಕಾಂಗಿನಲ್ಲಿ ಬೆಳಗಿತು. ಅದು ಆಗ ಬ್ರಿಟಿಷರ ವಸಾಹತು. 1990ರಿಂದ ಪ್ರತಿ ಜೂನ್ 4ರ ಸಂಜೆ ಅಲ್ಲಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನ ಮೇಣದಬತ್ತಿ ಹಿಡಿದು ಕೂರುತ್ತಿದ್ದರು. ಗಾಳಿಗೆ ಆರದಂತೆ ಸುತ್ತ ಕಾಗದದ ಮರೆ. ಸತ್ತವರ ಹೆಸರುಗಳನ್ನು ಓದುತ್ತಿದ್ದರು. ತಾಯಂದಿರು ಮನೆಮನೆ ಅಲೆಯದಿದ್ದರೆ ಅಲ್ಲಿ ಓದಲು ಹೆಸರುಗಳಾದರೂ ಎಲ್ಲಿರುತ್ತಿದ್ದವು? 1997ರಲ್ಲಿ ಊರು ಚೀನಾದ ಕೈಗೆ ಬಂದ ಮೇಲೂ ಇದು ನಿಲ್ಲಲಿಲ್ಲ. 2019ರಲ್ಲಿ, ಸಂಘಟಕರ ಲೆಕ್ಕದಂತೆ, 1,80,000 ಜನ ಸೇರಿದ್ದರು.

2020ರಲ್ಲಿ ಕೊರೋನಾ ಕಾರಣ ಕೊಟ್ಟು ಅನುಮತಿ ನಿರಾಕರಿಸಿದರು. ಆದರೂ ಸಾವಿರಾರು ಜನ ಬಂದರು. 2021ರಲ್ಲಿ ಪೊಲೀಸರು ಮೈದಾನವನ್ನೇ ಮುಚ್ಚಿದರು, ಸಂಘಟಕರಲ್ಲಿ ಒಬ್ಬರಾದ ವಕೀಲೆ ಚೌ ಹಾಂಗ್-ತುಂಗ್ ಅವರನ್ನು ಬಂಧಿಸಿದರು. 2023ರ ಜೂನ್ 4ರಂದು ಅದೇ ಮೈದಾನದಲ್ಲಿ ತಿಂಡಿ ತಿನಿಸುಗಳ ಮೇಳ ನಡೆಯಿತು. ಚೀನಾದ ವೈಬೋ ಜಾಲತಾಣದಲ್ಲಂತೂ 2012ರಲ್ಲೇ ಮೇಣದಬತ್ತಿಯ ಚಿತ್ರವನ್ನೂ ತೆಗೆದುಹಾಕಿದ್ದರು.

ಟ್ಯಾಂಕುಗಳಿರುವ ಸರ್ಕಾರ ಒಂದು ಬತ್ತಿಗೆ ಏಕೆ ಹೆದರಬೇಕು, ಹೇಳಿ. ಬತ್ತಿ ಯಾರನ್ನೂ ಸುಡುವುದಿಲ್ಲ, ಕತ್ತಲೆಯನ್ನೂ ಪೂರ್ತಿ ಓಡಿಸುವುದಿಲ್ಲ. ಆದರೆ ಅದನ್ನು ಹಿಡಿದವರು ಸತ್ತವರ ಹೆಸರು ಕೂಗುತ್ತಾರೆ. ಹಾಜರಿಪುಸ್ತಕದಿಂದ ಹೊಡೆದುಹಾಕಿದ ಹೆಸರನ್ನು ಮತ್ತೆ ಮತ್ತೆ ಕೂಗಿದರೆ ಪುಸ್ತಕ ಹಿಡಿದವನು ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರ ಇನ್ನೂ ಬಂದಿಲ್ಲ. ಕೇಳುತ್ತಿದ್ದ ತಾಯಂದಿರಲ್ಲಿ ಎಷ್ಟೋ ಮಂದಿ ಕೇಳುತ್ತಲೇ ತೀರಿಕೊಂಡರು. ಉಳಿದವರು ಕೇಳುವುದನ್ನು ಬಿಟ್ಟಿಲ್ಲ.