ಬಾಸ್ಟನ್‌ನಿಂದ ನ್ಯೂಯಾರ್ಕಿಗೆ, ವಯಾ ಇಂಗ್ಲೆಂಡ್

ಬಾಸ್ಟನ್ನಿಗೂ ನ್ಯೂಯಾರ್ಕಿಗೂ ನಡುವೆ ಇರೋದು ಸುಮಾರು 300 ಕಿಲೋಮೀಟರ್. 1888ರ ಮಾರ್ಚಿನಲ್ಲಿ ಈ ಎರಡು ಊರುಗಳ ನಡುವಿನ ಕೆಲವು ಟೆಲಿಗ್ರಾಂಗಳು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಹೋಗಿ, ಮತ್ತೆ ಸಾಗರ ದಾಟಿ ವಾಪಸ್ ಬಂದು ತಲುಪಿದವು! ದಿನಾ ನೆಟ್‌ವರ್ಕ್ ಜೊತೆ ಗುದ್ದಾಡುವ ನನ್ನಂಥವನಿಗೆ ಬಲು ಸೊಗಸಾದ ರೂಟಿಂಗ್ ಕಥೆ. ಆದರೆ ಅದರ ಹಿನ್ನೆಲೆ ಮಾತ್ರ ಸೊಗಸಾಗಿಲ್ಲ.

ಮಾರ್ಚ್ 10, ಶನಿವಾರ. ನ್ಯೂಯಾರ್ಕಿನಲ್ಲಿ ಹವೆ ಬೆಚ್ಚಗಿತ್ತು, ಚಳಿಗಾಲ ಮುಗಿಯಿತು ಅಂತಲೇ ಜನ ಅಂದುಕೊಂಡಿದ್ದರು. ಭಾನುವಾರ ಮಳೆ ಶುರುವಾಯಿತು. ಕೆನಡಾ ಕಡೆಯ ಶೀತಗಾಳಿ ದಕ್ಷಿಣದ ತೇವದ ಗಾಳಿಗೆ ಎದುರಾಗಿ, ಮಧ್ಯರಾತ್ರಿ ದಾಟುವ ಹೊತ್ತಿಗೆ ಮಳೆ ಹಿಮವಾಯಿತು. ನ್ಯೂಯಾರ್ಕ್ ನಗರದಲ್ಲಿ ಬಿದ್ದದ್ದು 21 ಇಂಚು. ಉತ್ತರಕ್ಕಿರುವ ಟ್ರಾಯ್ ಊರಿನಲ್ಲಿ 55 ಇಂಚು! ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ಗಳಲ್ಲೂ ರೈಲುಗಳು ನಿಂತಲ್ಲೇ ನಿಂತವು. ಕರಾವಳಿಯಲ್ಲಿ ಸುಮಾರು 200 ಹಡಗುಗಳು ಒಡೆದೋ ದಡಕ್ಕೆ ಬಡಿದೋ ಹಾಳಾದವು. ಒಟ್ಟು ಸತ್ತವರು 400ಕ್ಕೂ ಹೆಚ್ಚು, ಅದರಲ್ಲಿ ಸುಮಾರು 200 ಮಂದಿ ನ್ಯೂಯಾರ್ಕ್ ನಗರದಲ್ಲೇ.

ಮಾಜಿ ಸೆನೆಟರ್ ರಾಸ್ಕೋ ಕಾಂಕ್ಲಿಂಗ್‌ಗೆ ಗಾಡಿಯವನು 50 ಡಾಲರ್ ಬಾಡಿಗೆ ಕೇಳಿದನಂತೆ. ಇವರು ಸಿಟ್ಟಿನಿಂದ ವಾಲ್ ಸ್ಟ್ರೀಟಿನಿಂದ ನಡೆದೇ ಹೊರಟರು. ದಾರಿ ಸುಮಾರು ಮೂರು ಮೈಲಿ. ಕೊನೆಗೆ ಕುಸಿದುಬಿದ್ದರು, ಏಪ್ರಿಲ್ 18ಕ್ಕೆ ತೀರಿಕೊಂಡರು.

ಈ ಬಿರುಗಾಳಿಯಿಂದಾಗಿಯೇ ನ್ಯೂಯಾರ್ಕಿನ ತಂತಿಗಳು ನೆಲದಡಿಗೆ ಹೋದವು, ಸುರಂಗ ರೈಲು ಬಂತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಇಸವಿಗಳನ್ನು ಜೋಡಿಸಿ ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ. ತಂತಿಗಳನ್ನು ಹೂಳಬೇಕು ಅಂತ ರಾಜ್ಯದ ಕಾನೂನು 1884ರಲ್ಲೇ ಬಂದಿತ್ತು. ಗಡುವು ಮುಗಿದರೂ ಕಂಬಗಳು ಹಾಗೇ ಇದ್ದವು. ಸುರಂಗ ರೈಲು ಬೇಕೆಂದು ಮೇಯರ್ ಹೆವಿಟ್ ಹೇಳಿದ್ದು 1888ರ ಜನವರಿ 31ರಂದು, ಅಂದರೆ ಬಿರುಗಾಳಿಗೆ ಆರು ವಾರ ಮೊದಲು!

ಬಿರುಗಾಳಿಯ ಆಮೇಲಾದರೂ ಕೆಲಸ ಚುರುಕಾಯಿತೇ? ಮೇಯರ್ ಹ್ಯೂ ಗ್ರಾಂಟ್ ಕಂಬ ಕಡಿಸಲು ಶುರುಮಾಡಿದ್ದು 1889ರಲ್ಲಿ. ಅದೇ ವರ್ಷ ಅಕ್ಟೋಬರ್ 11ರಂದು ತಂತಿ ಕೆಲಸಗಾರನೊಬ್ಬ ನಡುಹಗಲಲ್ಲಿ, ಬೀದಿಯ ಜನ ನೋಡುತ್ತಿದ್ದಂತೆಯೇ, ಕಂಬದ ಮೇಲೆ ಶಾಕ್ ಹೊಡೆದು ಸತ್ತ. ಅದಾದ ಮೇಲೆ ಜನ ಸುಮ್ಮನಿರಲಿಲ್ಲ. ಸುರಂಗ ರೈಲು ಓಡಿದ್ದಂತೂ 1904ರ ಅಕ್ಟೋಬರ್ 27ಕ್ಕೆ, ಹದಿನಾರು ವರ್ಷ ಕಳೆದು.

ಸಾಗರದ ತಳದಲ್ಲಿದ್ದ ತಂತಿ ಉಳಿಯಿತು, ಬೀದಿಯ ಕಂಬದ ಮೇಲಿನ ತಂತಿ ಹರಿಯಿತು. ಪರಿಹಾರ ಏನೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಕಾಗದದ ಮೇಲೂ ಇತ್ತು. ಅದು ನೆಲಕ್ಕಿಳಿಯಲು ಇಷ್ಟು ಹೆಣ ಬೀಳಬೇಕಾಗಿತ್ತೇ ಅನ್ನೋದೇ ನನ್ನನ್ನು ಕಾಡುವ ಪ್ರಶ್ನೆ. ನೀವೇನಂತೀರಿ?